ಸ್ಪಂಜಿನಲ್ಲಿ ಸಿಕ್ಕ ಕೊಳೆ ಇನ್ನೂ ಕೊಳದಲ್ಲೇ ಇದೆ

(ಕೈತೋಟ ಮಾಡುವವರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಗಾಜಿನ ಬಾಟಲಿಗಳನ್ನು ಇಟ್ಟಿದ್ದೇನೆ. ಎರಡರಲ್ಲೂ ಇರುವುದು ಒಂದೇ ಕೊಳದ ನೀರು, ಇವತ್ತು ಬೆಳಿಗ್ಗೆ ಹಿಡಿದದ್ದು. ಎಡಗಡೆಯದನ್ನು ಕೊಳದ ತಳದಿಂದ ಸಣ್ಣ ಕೊಳವೆಯಲ್ಲಿ ಮೆಲ್ಲಗೆ ಇಳಿಸಿಕೊಂಡೆ. ಬಲಗಡೆಯದೂ ಅದೇ ತಳದ ನೀರೇ, ಆದರೆ ಪಂಪಿನೊಳಗೆ ಹಾದು ಬಂದದ್ದು. ಎರಡನ್ನೂ ಈಗ ನಿಧಾನವಾಗಿ ಒಂದು ಸಲ ತಲೆಕೆಳಗು ಮಾಡಿ ಇಡುತ್ತೇನೆ. ಅವುಗಳ ಪಾಡಿಗೆ ಅವು ಇರಲಿ, ನಾವು ಮಾತಾಡೋಣ.

ಹಿತ್ತಿಲಲ್ಲಿ ಗೋಲ್ಡ್‌ಫಿಶ್ ಕೊಳ ಮಾಡಿಕೊಂಡವರು ಸಾಮಾನ್ಯವಾಗಿ ಕೇಳುವುದು, "ಯಾವ ಫಿಲ್ಟರ್ ತೆಗೆದುಕೊಳ್ಳಲಿ?" ಎಂದು. ನಾನು ತಿರುಗಿ ಕೇಳುವುದು, "ಈಗಿರುವ ಫಿಲ್ಟರಿನ ಮುಚ್ಚಳ ಕಳೆದ ಸಲ ತೆರೆದದ್ದು ಯಾವಾಗ?" ಎಂದು. ಈ ಪ್ರಶ್ನೆಗೆ ಬಹುತೇಕ ಎಲ್ಲರೂ ಸ್ವಲ್ಪ ನಗುತ್ತಾರೆ. ಆ ನಗುವಿನಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಫಿಲ್ಟರಿನ ಸ್ಪಂಜು ಹಿಡಿದ ಕೊಳೆ ಕೊಳದಿಂದ ಆಚೆ ಹೋಗಿಲ್ಲ. ಕಸ ಗುಡಿಸಿ ಬಾಗಿಲ ಹಿಂದೆ ಒಟ್ಟಿದರೆ ಮನೆ ಹೇಗೆ ಸ್ವಚ್ಛವೋ ಹಾಗೆ ಇದು. ಕೊಳದ ನೀರಷ್ಟೂ ಗಂಟೆ ಎರಡು ಗಂಟೆಗೊಮ್ಮೆ ಆ ಸ್ಪಂಜಿನೊಳಗೇ ಹಾದು ಬರುತ್ತದೆ, ಅಲ್ಲಿರುವ ಕೊಳೆಯನ್ನು ತೊಳೆದುಕೊಂಡೇ ಬರುತ್ತದೆ. ಕಣ್ಣಿಗೆ ನೀರು ತಿಳಿಯಾಗಿ ಕಾಣುತ್ತದೆ, ಅಷ್ಟೆ. ಆದ್ದರಿಂದ ಯಾಂತ್ರಿಕ ಶೋಧನೆಯನ್ನು, ಅಂದರೆ ಘನ ಕೊಳೆ ಹಿಡಿಯುವ ಹಂತವನ್ನು, ಸುಧಾರಿಸುವುದೆಂದರೆ ಇನ್ನೂ ಸಣ್ಣ ಕಂಡಿಯ ಸ್ಪಂಜು ತರುವುದಲ್ಲ. ಮೀನು ಹಿಕ್ಕೆ ಹಾಕಿದ ಹೊತ್ತಿನಿಂದ ಆ ಹಿಕ್ಕೆ ಕೊಳದ ನೀರನ್ನು ಪೂರ್ತಿ ಬಿಟ್ಟು ಹೋಗುವವರೆಗಿನ ಕಾಲವನ್ನು ಕಡಿಮೆ ಮಾಡುವುದು.

ಮೊದಲು ಆ ಹಿಕ್ಕೆಯ ವಿಷಯ. ಚಹಾ ಕುಡಿದು ಆಯಿತು ತಾನೆ? ಸರಿ. ಗೋಲ್ಡ್‌ಫಿಶ್ ಗೆಂಡೆ ಬಳಗದ್ದು, ನಮ್ಮ ಕಾಟ್ಲಾ, ರೋಹುಗಳ ದೂರದ ನೆಂಟ. ಚೀನಾದವರು ಸುಮಾರು ಸಾವಿರ ವರ್ಷಗಳ ಹಿಂದೆ ಬೂದು ಬಣ್ಣದ ಗೆಂಡೆಯಿಂದ ಆರಿಸಿ ಆರಿಸಿ ಬೆಳೆಸಿದ ತಳಿ. ಇದಕ್ಕೆ ಜಠರವೇ ಇಲ್ಲ. ಗಂಟಲ ಹಲ್ಲಿನಲ್ಲಿ ಅರೆದದ್ದು ನೇರವಾಗಿ ಕರುಳಿಗೆ. ಕೂಡಿಡಲು ಜಾಗವಿಲ್ಲದ ಪ್ರಾಣಿ ದಿನವಿಡೀ ತಳ ಕೆದಕುತ್ತ, ಮೇಯುತ್ತ ಇರುತ್ತದೆ. ದಿನವಿಡೀ ಹಿಕ್ಕೆ ಹಾಕುತ್ತಲೂ ಇರುತ್ತದೆ. ಒಂದು ಬಿಳಿ ಟಬ್ಬಿನಲ್ಲಿ ಮೀನನ್ನು ಬಿಟ್ಟು, ಊಟವಾದ ಮೇಲೆ ಕಾದು ನೋಡಿ. ಹಿಕ್ಕೆ ಉದ್ದನೆಯ ದಾರದಂತೆ ಬರುತ್ತದೆ. ಅದರ ಸುತ್ತ ಲೋಳೆಯ ತೆಳುವಾದ ಹೊದಿಕೆ ಇರುತ್ತದೆ. ಆ ಹೊದಿಕೆ ಇರುವವರೆಗೆ ದಾರ ಇಡಿಯಾಗಿ ಇರುತ್ತದೆ, ಕೆಲವೇ ಸೆಕೆಂಡಿನಲ್ಲಿ ತಳ ಮುಟ್ಟುತ್ತದೆ, ಚಮಚದಲ್ಲಿ ಎತ್ತಿದರೂ ತುಂಡಾಗದು. ಅದನ್ನೇ ಬೆರಳಿನಲ್ಲಿ ಎರಡು ಸುತ್ತು ಕಲಕಿ ನೋಡಿ: ಕಂದು ಮಂಜು. ಆ ಮಂಜು ಮತ್ತೆ ದಾರವಾಗುವುದಿಲ್ಲ.

ಪಂಪು ಮಾಡುವುದು ಇದನ್ನೇ, ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತಿನ ವೇಗದಲ್ಲಿ. ಅಂಗಡಿಯಲ್ಲಿ ಸಿಗುವ ಬಹುಪಾಲು ಕೊಳದ ಫಿಲ್ಟರುಗಳ ಜೋಡಣೆ ಹೇಗಿದೆ? ಪಂಪು ಕೊಳದ ತಳದಲ್ಲಿ, ಫಿಲ್ಟರ್ ಡಬ್ಬಿ ದಡದಲ್ಲಿ. ಅಂದರೆ ಹಿಡಿಯಲು ಸುಲಭವಾಗಿದ್ದ ಕೊಳೆಯನ್ನು ಮೊದಲು ರುಬ್ಬಿ, ಆಮೇಲೆ ಹಿಡಿಯಲು ಹೊರಟಿದ್ದೇವೆ. ನೀರಿನಲ್ಲಿ ಕಣ ಇಳಿಯುವ ವೇಗ ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಕಣ ಅರ್ಧ ಗಾತ್ರದ್ದಾದರೆ ವೇಗ ಕಾಲು ಭಾಗ. ಹತ್ತನೇ ಒಂದರಷ್ಟಾದರೆ ವೇಗ ನೂರನೇ ಒಂದು. ಸುಮಾರು 100 ಮೈಕ್ರಾನಿಗಿಂತ ದಪ್ಪನೆಯದು, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದಕ್ಕಿಂತ ದೊಡ್ಡದು, ಸುಮ್ಮನೆ ಬಿಟ್ಟರೆ ತಾನೇ ತಳಕ್ಕೆ ಇಳಿಯುತ್ತದೆ. ಅದಕ್ಕಿಂತ ಸಣ್ಣದಕ್ಕೆ ಜರಡಿ ಬೇಕು. 30 ಮೈಕ್ರಾನಿಗಿಂತ ಸಣ್ಣದಕ್ಕೆ ಮನೆಯಲ್ಲಿ ಮಾಡುವ ಯಾವ ಜರಡಿಯೂ ಸಾಲದು. ಈಗ ಬಾಟಲಿಗಳನ್ನು ನೋಡಿ. ಎಡಗಡೆಯದರಲ್ಲಿ ತಳದಲ್ಲಿ ಕಂದು ಪದರ, ಮೇಲೆ ಬಹುತೇಕ ತಿಳಿನೀರು. ಬಲಗಡೆಯದು ಇನ್ನೂ ಕದಡಿದೆ. ನಾವು ಮನೆಗೆ ಹೋಗುವ ಹೊತ್ತಿಗೂ ಹಾಗೇ ಇರುತ್ತದೆ. ಅದನ್ನು ಕದಡಿದ್ದು ಮೀನಲ್ಲ, ನಾವು ದುಡ್ಡು ಕೊಟ್ಟು ತಂದ ಪಂಪು.

ಹಾಗಾದರೆ ಈ ಕೊಳೆ ಎಷ್ಟು? ಒಂದು ಕೊಳವನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. 2.4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 80 ಸೆಂಟಿಮೀಟರ್ ಆಳ. ಬೆಂಗಳೂರಿನ ಮೂವತ್ತು ನಲವತ್ತರ ನಿವೇಶನದ ಹಿತ್ತಿಲಲ್ಲಿ ಗಾರೆಯವರು ಕಟ್ಟಿಕೊಡುವ ಕೊಳ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ನೀರು ಸುಮಾರು 2,900 ಲೀಟರ್. ಅದರಲ್ಲಿ ತಲಾ ನೂರೈವತ್ತು ಗ್ರಾಮಿನ ಹತ್ತು ಮೀನು ಇವೆ, ಬೇಸಿಗೆಯಲ್ಲಿ ದಿನಕ್ಕೆ 30 ಗ್ರಾಂ ಆಹಾರ ಹಾಕುತ್ತೀರಿ ಎನ್ನಿ. ಮೀನು ಸಾಕಣೆಯವರ ಲೆಕ್ಕದಲ್ಲಿ ಆಹಾರದ ಕಾಲು ಭಾಗಕ್ಕಿಂತ ತುಸು ಹೆಚ್ಚು ಘನ ಕೊಳೆಯಾಗಿ ಹೊರಬರುತ್ತದೆ. ಒಣಗಿಸಿ ತೂಗಿದರೆ ಎಂಟು ಗ್ರಾಂ. ನೀರು ಕುಡಿದು ಉಬ್ಬಿದಾಗ ಅದು ಎಷ್ಟಾಗುತ್ತದೆ ಎಂಬುದು ಸ್ಪಂಜು ಹಿಂಡಿದವರಿಗೆ ಗೊತ್ತು. ಇದರ ಜೊತೆಗೆ ನೂರಕ್ಕೆ 35ರಷ್ಟು ಪ್ರೋಟೀನ್ ಇರುವ ಆ 30 ಗ್ರಾಂ ಆಹಾರದಿಂದ ದಿನಕ್ಕೆ ಹತ್ತಿರ ಹತ್ತಿರ ಒಂದು ಗ್ರಾಂ ಅಮೋನಿಯಾ ಸಾರಜನಕ (ಮೀನಿಗೆ ವಿಷವಾಗುವ ಅಮೋನಿಯಾದಲ್ಲಿರುವ ಸಾರಜನಕದ ತೂಕ). 2,900 ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 0.3 ಮಿಲಿಗ್ರಾಂ, ಪ್ರತಿದಿನ.

ಇಲ್ಲೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಆ ಅಮೋನಿಯಾದ ಬಹುಪಾಲು ಕಿವಿರುಗಳಿಂದ ನೇರವಾಗಿ ನೀರಿಗೆ ಬರುತ್ತದೆ. ಯಾವ ಜರಡಿಯೂ ಅದನ್ನು ಹಿಡಿಯದು. ಅದು ಬ್ಯಾಕ್ಟೀರಿಯಾಗಳ ಕೆಲಸ, ಜೈವಿಕ ಶೋಧನೆ. ಹಾಗಿದ್ದರೆ ಕೊಳೆ ಹಿಡಿಯುವುದರಿಂದ ಏನು ಬಂತು? ಎರಡು ಲಾಭ. ಬಿಟ್ಟ ಹಿಕ್ಕೆ ಕೊಳೆತು ಇನ್ನಷ್ಟು ಅಮೋನಿಯಾ ಕೊಡುತ್ತದೆ. ನಮ್ಮ ಬೇಸಿಗೆಯ ನೀರಿನಲ್ಲಿ ಅದಕ್ಕೆ ವಾರಗಳು ಬೇಡ. ಎರಡನೆಯದು ಹೆಚ್ಚು ಮುಖ್ಯ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುವಂಥವು. ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳು ಬಹಳ ಬೇಗ ಹೆಚ್ಚುತ್ತವೆ. ಒಂದೇ ಡಬ್ಬಿಯಲ್ಲಿ ಎರಡೂ ಇದ್ದರೆ ಜಾಗವೂ ಆಮ್ಲಜನಕವೂ ಕೊಳೆ ತಿನ್ನುವವುಗಳ ಪಾಲಾಗುತ್ತವೆ. ಆಮ್ಲಜನಕ ಇಲ್ಲಿ ಮೊದಲೇ ಕಡಿಮೆ: 25 ಡಿಗ್ರಿಯ ನೀರು ಸಮುದ್ರ ಮಟ್ಟದಲ್ಲಿ ಲೀಟರಿಗೆ ಎಂಟು ಮಿಲಿಗ್ರಾಮಿನಷ್ಟು ಹಿಡಿದಿಟ್ಟುಕೊಂಡರೆ, ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಜೈವಿಕ ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂದು ದೂರುವವರ ಮನೆಯಲ್ಲಿ ಹಲವು ಸಲ ಕೆಟ್ಟಿರುವುದು ಅದರ ಹಿಂದಿನ ಹಂತ.

ಈಗ ಕೆಲಸಕ್ಕೆ ಬರೋಣ. ಫಿಲ್ಟರಿಗೆ ಕೈ ಹಾಕುವ ಮೊದಲು ಕೊಳದ ತಳ ನೋಡಿ. ಅಂದಕ್ಕೆಂದು ಹಾಸಿದ ಬೆಣಚುಕಲ್ಲುಗಳಿದ್ದರೆ ತೆಗೆದುಬಿಡಿ. ಕಲ್ಲಿನ ಸಂದಿಯಲ್ಲಿ ಕೂತ ಹಿಕ್ಕೆಯನ್ನು ಲಕ್ಷ ರೂಪಾಯಿಯ ಫಿಲ್ಟರ್ ತಂದರೂ ಹೊರಗೆ ಎಳೆಯಲಾಗದು. ಬರಿಯ ತಳ ನೋಡಲು ಚೆನ್ನಾಗಿಲ್ಲ ಎನ್ನುವವರಿಗೆ ನನ್ನ ಸಹಾನುಭೂತಿ ಇದೆ, ಒಪ್ಪಿಗೆ ಇಲ್ಲ. ಆಮೇಲೆ ಫಿಲ್ಟರಿನಿಂದ ಮರಳುವ ನೀರನ್ನು ಗೋಡೆಯ ಉದ್ದಕ್ಕೆ ಹಾಯುವಂತೆ ತಿರುಗಿಸಿ. ನೀರೆಲ್ಲ ನಿಧಾನವಾಗಿ ಒಂದೇ ದಿಕ್ಕಿಗೆ ಸುತ್ತತೊಡಗಿದರೆ ಕೊಳೆ ನಡುವಿಗೆ ಬಂದು ಕೂಡುತ್ತದೆ. ಒಂದು ಎಲ್ಬೋ ಸಾಕು ಇದಕ್ಕೆ, ಖರ್ಚೇ ಇಲ್ಲ. ರಾಂಚು, ಒರಾಂಡಾದಂಥ ಗುಂಡು ಮೈಯ ಮೀನುಗಳಿಗೆ ಮಾತ್ರ ಸೆಳೆತ ಹೆಚ್ಚಾಗಬಾರದು; ಅವು ಈಜುವುದರಲ್ಲಿ ಜಾಣರಲ್ಲ.

ಇನ್ನು ನಡುವಿನಿಂದ ಕೊಳೆಯನ್ನು ಹೊರಗೆ ತರುವ ದಾರಿ. ಒಳ್ಳೆಯದು ತಳದ ಕೊಳವೆ. ಪಂಪಿಲ್ಲದೆ, ಬರಿಯ ನೀರಿನ ಮಟ್ಟದ ವ್ಯತ್ಯಾಸದಿಂದ ಹರಿಯಬೇಕು. ಕೊಳದ ಪಕ್ಕದಲ್ಲಿ ಒಂದು ಡ್ರಮ್, ಎರಡರ ನೀರಿನ ಮಟ್ಟವೂ ಒಂದೇ. ಡ್ರಮ್ಮಿನ ಆಚೆಗೆ ಪಂಪು. ಪಂಪು ಅಲ್ಲಿಂದ ತಿಳಿನೀರನ್ನು ಎಳೆದಾಗ ಡ್ರಮ್ಮಿನ ಮಟ್ಟ ಒಂದೆರಡು ಸೆಂಟಿಮೀಟರ್ ಇಳಿಯುತ್ತದೆ, ಕೊಳದ ತಳದ ನೀರು ಹಿಕ್ಕೆಯ ದಾರ ತುಂಡಾಗದಂತೆ ತಾನೇ ಹರಿದು ಬರುತ್ತದೆ. ರುಬ್ಬುವ ಯಂತ್ರ ದಾರಿಯ ಕೊನೆಗೆ ಹೋಯಿತು. ನೀರನ್ನು ಎತ್ತರಕ್ಕೆ ಏರಿಸುವ ಕೆಲಸವೂ ಇಲ್ಲದ್ದರಿಂದ ಸಣ್ಣ ಪಂಪು ಸಾಕು. 35 ವಾಟಿನದು ದಿನವಿಡೀ ಓಡಿದರೂ ತಿಂಗಳಿಗೆ 25 ಯೂನಿಟ್.

ಕೊಳವೆಯ ಗಾತ್ರದಲ್ಲಿ ಎಲ್ಲರೂ ಎಡವುತ್ತಾರೆ. ಕೋಯಿ ಎಂಬ ದೊಡ್ಡ ಬಣ್ಣದ ಗೆಂಡೆ ಸಾಕುವವರ ಸಲಹೆ ಓದಿ 110 ಮಿಲಿಮೀಟರಿನ ಕೊಳವೆ ಹಾಕಿಸುತ್ತಾರೆ. ಅದು ಗಂಟೆಗೆ ಹತ್ತು ಹನ್ನೆರಡು ಸಾವಿರ ಲೀಟರ್ ಹರಿಯುವ ದೊಡ್ಡ ಕೊಳಕ್ಕೆ ಸರಿ. ನಮ್ಮ ಕೊಳದ ನೀರು ಒಂದೂವರೆ ಗಂಟೆಗೊಮ್ಮೆ ಸುತ್ತಿ ಬರಲು ಗಂಟೆಗೆ 2,000 ಲೀಟರ್ ಸಾಕು. ಅಷ್ಟು ನೀರು 110ರ ಕೊಳವೆಯಲ್ಲಿ ಸೆಕೆಂಡಿಗೆ ಆರೇಳು ಸೆಂಟಿಮೀಟರ್ ತೆವಳುತ್ತದೆ. ಕೊಳೆ ಕೊಳವೆಯೊಳಗೇ ಕೂತು, ನೆಲದಡಿ ಕೊಳೆಯುತ್ತದೆ. 63 ಮಿಲಿಮೀಟರಿನದು ಹಾಕಿದರೆ ವೇಗ ಸೆಕೆಂಡಿಗೆ ಇಪ್ಪತ್ತು ಸೆಂಟಿಮೀಟರ್ ದಾಟುತ್ತದೆ, ಕೊಳೆ ಸಾಗುತ್ತದೆ. ದೊಡ್ಡದು ಹಾಕಿದರೆ ಒಳ್ಳೆಯದೇ ಅಲ್ಲವೆ ಎಂದು ಪ್ಲಂಬರ್ ಹೇಳುತ್ತಾನೆ. ಒಪ್ಪಬೇಡಿ.

ಡ್ರಮ್ ಎಂದೆನಲ್ಲ, ಅದು ನಮ್ಮ ಊರುಗಳಲ್ಲಿ ಎಲ್ಲೆಡೆ ಸಿಗುವ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮೇ. ಮೊದಲು ಏನು ತುಂಬಿದ್ದರು ಎಂದು ಕೇಳಿ, ಆಹಾರ ಪದಾರ್ಥ ತುಂಬಿದ್ದನ್ನೇ ತನ್ನಿ. ಒಳಗಿನ ಏರ್ಪಾಡು ಹೀಗೆ: ಕೊಳದ ನೀರು ಡ್ರಮ್ಮಿನ ನಡುವೆ ಮೇಲ್ಮುಖದ ಕೊಳವೆಯಲ್ಲಿ ಏರಿ ಬರುತ್ತದೆ. ಆ ಕೊಳವೆಯ ಸುತ್ತ ತಳ ಕತ್ತರಿಸಿದ ಬಕೆಟ್ಟೊಂದು ತೂಗಿರುತ್ತದೆ, ಅದರ ಮೇಲಂಚು ನೀರಿನಿಂದ ಮೇಲಕ್ಕೆ. ಏರಿದ ನೀರು ಬಕೆಟ್ಟಿನ ಗೋಡೆಗೆ ತಾಗಿ ಕೆಳಗೆ ತಿರುಗಲೇಬೇಕು. ಕೆಳಗಿಳಿದು, ಬಕೆಟ್ಟಿನ ಅಂಚು ದಾಟಿ, ಎಲ್ಲ ದಿಕ್ಕಿಗೂ ಹರಡಿ, ಹೊರಗಿನ ಅಗಲವಾದ ಜಾಗದಲ್ಲಿ ಬಹಳ ನಿಧಾನವಾಗಿ ಮೇಲೇರುತ್ತದೆ. ಕೆಳಮುಖವಾಗಿ ಹೊರಟ ಕೊಳೆ ಕೆಳಗೇ ಉಳಿಯುತ್ತದೆ, ನೀರು ಮಾತ್ರ ಮೇಲೆ ಬಂದು, ಸುತ್ತಲೂ ಸೀಳಿದ ಕೊಳವೆಯ ಮೂಲಕ ಮುಂದಕ್ಕೆ ಹೋಗುತ್ತದೆ. ಮೇಲೇರುವ ವೇಗ ಸೆಕೆಂಡಿಗೆ ಸುಮಾರು 3 ಮಿಲಿಮೀಟರಿನ ಒಳಗಿರಬೇಕು ಎಂಬುದು ಮೀನು ಸಾಕಣೆಯ ಎಂಜಿನಿಯರುಗಳು ಇಟ್ಟುಕೊಂಡಿರುವ ಅಳತೆ. ನಮ್ಮ ಡ್ರಮ್ಮಿನ ಅಗಲ 58 ಸೆಂಟಿಮೀಟರ್. ಗಂಟೆಗೆ 2,000 ಲೀಟರಿಗೆ ವೇಗ ಎರಡು, ಎರಡೂವರೆ ಮಿಲಿಮೀಟರ್. ಪಾಸಾಯಿತು. ಇನ್ನೂ ಜೋರಾಗಿ ಓಡಿಸೋಣ ಎಂದು ನಾಲ್ಕು ಸಾವಿರದ ಪಂಪು ಕೂರಿಸಿದಿರೋ, ಡ್ರಮ್ ಬರಿಯ ಡ್ರಮ್ ಆಗುತ್ತದೆ. ಇದರಲ್ಲಿ ಸ್ಪಂಜಿಲ್ಲ, ಬ್ರಷ್ಷಿಲ್ಲ, ಕಟ್ಟಿಕೊಳ್ಳುವಂಥದು ಏನೂ ಇಲ್ಲ. ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಅದೇ.

ತಳದಲ್ಲಿ ಒಂದು ದಪ್ಪ ವಾಲ್ವ್ ಇರಲಿ. ಕೊಳವನ್ನು ನೆಲಮಟ್ಟದಿಂದ ಎತ್ತರಿಸಿ ಕಟ್ಟಿದ್ದರೆ ಡ್ರಮ್ ನೆಲದ ಮೇಲೇ ನಿಲ್ಲುತ್ತದೆ, ವಾಲ್ವ್ ತಿರುಗಿಸಿದರೆ ಕೊಳೆ ನೇರವಾಗಿ ಗಿಡಗಳ ಪಾತಿಗೆ. ಕೊಳ ನೆಲದೊಳಗಿದ್ದರೆ ಡ್ರಮ್ಮನ್ನೂ ಹೂಳಬೇಕಾಗುತ್ತದೆ, ಕೊಳೆ ಇಳಿದು ಹೋಗಲು ತಗ್ಗಿರುವುದಿಲ್ಲ. ಆಗ ತಳಕ್ಕೊಂದು ಕೊಳವೆ ಇಳಿಬಿಟ್ಟು ಸಣ್ಣ ಪಂಪಿನಿಂದ ಎಳೆದು ಹಾಕಿ. ಇಲ್ಲಿ ಪಂಪು ರುಬ್ಬಿದರೆ ರುಬ್ಬಲಿ, ಹೊರಗೆ ಹೋಗುವುದು ತಾನೆ. ದಿನ ಬಿಟ್ಟು ದಿನ ಇಪ್ಪತ್ತು ಮೂವತ್ತು ಲೀಟರ್, ವಾರಕ್ಕೊಮ್ಮೆ ಕೊಳದ ಕಡೆಯ ವಾಲ್ವ್ ಮುಚ್ಚಿ, ಪಂಪು ನಿಲ್ಲಿಸಿ, ಡ್ರಮ್ ಪೂರ್ತಿ ಖಾಲಿ. ಆ 200 ಲೀಟರ್ ನಿಮ್ಮ ಕೊಳದ ನೂರಕ್ಕೆ ಏಳು ಪಾಲು. ವಾರದ ನೀರು ಬದಲಿಸುವ ಕೆಲಸದಲ್ಲಿ ಅಷ್ಟು ಮುಗಿಯಿತು. ಮಲ್ಲಿಗೆಗೆ, ಕರಿಬೇವಿಗೆ ಈ ನೀರಿಗಿಂತ ಒಳ್ಳೆಯದು ಬೇರೆ ಇಲ್ಲ. ಮತ್ತೆ ತುಂಬಿಸುವುದು ಕಾವೇರಿ ನೀರಾದರೆ ಕ್ಲೋರಿನ್ ಇರುತ್ತದೆ, ಕ್ಲೋರಿನ್ ತೆಗೆಯುವ ಔಷಧ ಹಾಕದೆ ಬಿಡಬೇಡಿ.

ಡ್ರಮ್ಮಿನಿಂದ ತಪ್ಪಿಸಿಕೊಂಡ ಸಣ್ಣ ಕಣಗಳಿಗೆ ಮುಂದೆ ಒಂದು ಹಂತ ಬೇಕು. ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಇಂಚಿಗೆ ನೂರು ನೂಲಿನ ಆಸುಪಾಸಿನ ಪಾಲಿಯೆಸ್ಟರ್ ಬಟ್ಟೆ ಸಿಗುತ್ತದೆ, ಕಂಡಿ ಸುಮಾರು 150 ಮೈಕ್ರಾನ್. ಅದನ್ನು ಓರೆಯಾಗಿ ಚೌಕಟ್ಟಿಗೆ ಬಿಗಿದರೆ ಒಳ್ಳೆಯ ಜರಡಿ, ಆದರೆ ದಿನವೂ ತೊಳೆಯಬೇಕು. ದಿನವೂ ಆಗದು ಎನ್ನುವವರು ಮುಂದಿನ ಬಕೆಟ್ಟಿನಲ್ಲಿ ಎರಡು ಬಗೆಯ ಫೋಮ್ ಇಡಿ, ಮೊದಲು ಇಂಚಿಗೆ ಹತ್ತು ಕಂಡಿಯದು, ಆಮೇಲೆ ಮೂವತ್ತರದು. ಹಾಸಿಗೆ ಅಂಗಡಿಯ ಪಾಲಿಯೆಸ್ಟರ್ ಹತ್ತಿಯನ್ನು ಕೊನೆಗೆ ಇಟ್ಟು, ಕಟ್ಟಿಕೊಂಡಾಗ ಬಿಸಾಡಬಹುದು. ಫೋಮ್ ಕಟ್ಟಿಕೊಂಡರೆ ನೀರು ನಿಲ್ಲುವುದಿಲ್ಲ, ಪಕ್ಕದ ಸಂದಿಯಲ್ಲಿ ದಾರಿ ಮಾಡಿಕೊಂಡು ಹೋಗುತ್ತದೆ. ಹೊರಗಿನಿಂದ ಎಲ್ಲವೂ ಸರಿಯಾಗಿ ಓಡುತ್ತಿರುವಂತೆ ಕಾಣುತ್ತದೆ, ಶೋಧನೆ ಮಾತ್ರ ನಿಂತಿರುತ್ತದೆ. ಫೋಮಿನ ಹಿಂದೆ ಮುಂದೆ ನೀರಿನ ಮಟ್ಟ ಎರಡು ಬೆರಳಿಗಿಂತ ಹೆಚ್ಚು ವ್ಯತ್ಯಾಸವಾದರೆ ತೊಳೆಯುವ ಹೊತ್ತು ಬಂತೆಂದು ಲೆಕ್ಕ.

ಮೇಲೆ ತೇಲುವುದರ ಬಗ್ಗೆ ಎರಡೇ ಮಾತು. ಬೇಸಿಗೆಯಲ್ಲಿ ಹೊಂಗೆಯ ಹೂವು, ಮಳೆ ಮುಗಿಯುವ ಹೊತ್ತಿಗೆ ಆಕಾಶಮಲ್ಲಿಗೆ. ನೋಡಲು ಚೆಂದ, ಮುಳುಗಿದ ಮೇಲೆ ಅದೇ ಕೆಸರು. ಬಲೆ ಹಿಡಿದು ಬೆಳಿಗ್ಗೆ ಎತ್ತಿದರೆ ಐದು ನಿಮಿಷದ ಕೆಲಸ. ಹೊಂಗೆಯ ಬೀಜ ಬೀಳುವಲ್ಲಿ ಮಾತ್ರ ನೆರಳುಬಲೆಯನ್ನೇ ಕಟ್ಟಿ; ಅದು ಮೀನಿಗೆ ವಿಷ.

ಇನ್ನು ಪ್ರಶ್ನೆಗಳು. ಮೊದಲ ಸಾಲಿನ ಹಿರಿಯರೊಬ್ಬರು ಕೇಳಿದರು: ನಮ್ಮ ಕೊಳ ಕಟ್ಟಿ ಆಗಿದೆ, ತಳದಲ್ಲಿ ಕೊಳವೆಯಿಲ್ಲ. ಒಡೆಯಬೇಕೆ? ಬೇಡ. ಪಕ್ಕದ ಗೋಡೆಯಲ್ಲಿ ತಳದ ಸಮೀಪ ಕೋರ್ ಕಟಿಂಗ್ ಮಾಡಿಸಿ, ಅಂದರೆ ಯಂತ್ರದಿಂದ ದುಂಡನೆಯ ತೂತು ಕೊರೆಸಿ, ಕೊಳವೆ ಕೂರಿಸಬಹುದು, ಅರ್ಧ ದಿನದ ಕೆಲಸ. ಅದಕ್ಕೂ ಮನಸ್ಸಿಲ್ಲದಿದ್ದರೆ ಕೊಳದಲ್ಲಿರುವ ಪಂಪನ್ನು ಕೊಳಕು ನೀರಿಗೆಂದೇ ಮಾಡಿದ, ಅಗಲ ಬಾಯಿಯ ಪಂಪಿಗೆ ಬದಲಿಸಿ, ಅದರ ನೀರನ್ನು ಇದೇ ಡ್ರಮ್ಮಿಗೆ ಬಿಡಿ. ತಳದ ಕೊಳವೆಯಷ್ಟು ಚೆನ್ನಾಗಿ ಆಗುವುದಿಲ್ಲ, ಸ್ಪಂಜಿನ ಡಬ್ಬಿಗಿಂತ ಎಷ್ಟೋ ಮೇಲು. ಪಂಪಿನ ಡಬ್ಬಿಯ ಮೇಲೆ ಬರೆದಿರುವ ಲೀಟರುಗಳನ್ನು ಮಾತ್ರ ನಂಬಬೇಡಿ, ಅದು ನೀರನ್ನು ಸ್ವಲ್ಪವೂ ಮೇಲೆತ್ತದಿದ್ದಾಗಿನ ಲೆಕ್ಕ. ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ಅಳೆದರೆ ನಿಜ ಗೊತ್ತಾಗುತ್ತದೆ.

ಈಜುಕೊಳದ ಮರಳಿನ ಫಿಲ್ಟರ್ ಹಾಕಿದರೆ ಹೇಗೆ? ಈಜುಕೊಳದಲ್ಲಿ ಈಜುವವರು ಹಿಕ್ಕೆ ಹಾಕುವುದಿಲ್ಲ ಎಂಬ ನಂಬಿಕೆಯ ಮೇಲೆ ಮಾಡಿದ್ದು ಅದು. ಮೀನಿನ ಕೊಳೆಯ ಲೋಳೆ ಮರಳನ್ನು ಗಟ್ಟಿ ಮಾಡುತ್ತದೆ, ನೀರು ಅಲ್ಲಲ್ಲಿ ಸುರಂಗ ಕೊರೆದುಕೊಂಡು ಹೋಗುತ್ತದೆ. ಒತ್ತಡಕ್ಕೆ ದೊಡ್ಡ ಪಂಪು ಬೇರೆ ಬೇಕು.

ನೀರು ಹಸಿರಾಗಿದೆ, ಇದೆಲ್ಲ ಮಾಡಿದರೆ ಹೋಗುತ್ತದೆಯೆ? ಹೋಗುವುದಿಲ್ಲ. ಆ ಹಸಿರು ಒಂದೊಂದು ಕೋಶದ ಪಾಚಿ, ಯಾವ ಫೋಮಿಗೂ ಸಿಗದಷ್ಟು ಸಣ್ಣದು. ನೆರಳು ಮಾಡಿ, ಅಥವಾ ನೀರು ಹಾಯುವ ದಾರಿಯಲ್ಲಿ ಯುವಿ (ನೇರಳಾತೀತ ಬೆಳಕಿನ) ದೀಪ ಹಾಕಿ. ದೀಪ ಹಾಯ್ದ ಪಾಚಿ ಸತ್ತು ಅಂಟಿಕೊಂಡು ಮುದ್ದೆಯಾಗುತ್ತದೆ, ಆಗ ಫಿಲ್ಟರಿಗೆ ಸಿಗುತ್ತದೆ, ಆ ವಾರ ಫೋಮನ್ನು ಹೆಚ್ಚು ಸಲ ತೊಳೆಯಬೇಕಾಗುತ್ತದೆ. ಅಂತರಗಂಗೆ ಬಿಟ್ಟರೂ ನೆರಳಾಗುತ್ತದೆ, ಅದರ ಬೇರು ಸಣ್ಣ ಕೊಳೆಯನ್ನೂ ಹಿಡಿಯುತ್ತದೆ. ಹೆಚ್ಚಾದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ದಯವಿಟ್ಟು ರಾಜಕಾಲುವೆಗೆ ಬೇಡ. ಮೀನು ಹೆಚ್ಚಾದರೂ ಕೆರೆಗೆ ಬಿಡಬೇಡಿ.

ಮಂಡಕ್ಕಿ ಹಾಕಬಹುದೇ ಎಂದು ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಶೃಂಗೇರಿಯಲ್ಲಿ ಹಾಕುತ್ತಾರಲ್ಲ ಎಂದಳು. ಅಲ್ಲಿ ತುಂಗೆ ಹರಿಯುತ್ತಾಳೆ, ನಿಮ್ಮ ಕೊಳ ಹರಿಯುವುದಿಲ್ಲ. ತಿನ್ನದೆ ಉಳಿದ ಆಹಾರ ಹಿಕ್ಕೆಗಿಂತ ಕೆಟ್ಟದ್ದು. ಎರಡು ಮೂರು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕು ಎಂದೆ.

ಕೊನೆಯ ಪ್ರಶ್ನೆ, ಹತ್ತು ದಿನ ಊರಿಗೆ ಹೋಗುವಾಗ ಏನು ಮಾಡುವುದು? ದೊಡ್ಡ, ಆರೋಗ್ಯವಾಗಿರುವ ಗೋಲ್ಡ್‌ಫಿಶ್ ಅಷ್ಟು ದಿನ ಊಟವಿಲ್ಲದೆ ಆರಾಮವಾಗಿ ಇರುತ್ತದೆ, ಪಾಚಿ ಮೇಯುತ್ತದೆ. ಊಟವಿಲ್ಲದಿದ್ದರೆ ಕೊಳೆಯೂ ಅಷ್ಟೇ ಕಡಿಮೆ. ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬಿ ಕೊಡಬೇಡಿ, ಅವರು ಪ್ರೀತಿಯಿಂದ ಡಬ್ಬಿ ಖಾಲಿ ಮಾಡುತ್ತಾರೆ. ಪಂಪು ಓಡುತ್ತಿದೆಯೇ ಎಂದು ದಿನಕ್ಕೊಮ್ಮೆ ನೋಡಲು ಹೇಳಿ, ಡ್ರಮ್ಮಿನ ವಾಲ್ವ್ ಯಾವುದೆಂದು ತೋರಿಸಿ ಹೋಗಿ.